ಒಬ್ಬರೇ ಫೆರೆಟ್ ಬಿಟ್ಟು ಮೊಲ ಹಿಡಿಯುವಾಗ ಬಿಲದ ಆಯ್ಕೆಯೇ ಮೊದಲ ಕೆಲಸ

ಪ್ರಶ್ನೆ: ನಾನು ಮೂಲತಃ ಹಾಸನ ಜಿಲ್ಲೆಯವನು. ಈಗ ಇಂಗ್ಲೆಂಡಿನ ಸಫೊಕ್ ಕೌಂಟಿಯಲ್ಲಿ, ಬ್ರಾಂಡನ್ ಊರಿನ ಹತ್ತಿರ ನೆಲೆಸಿದ್ದೇನೆ. ಇಲ್ಲಿನ ರೈತರೊಬ್ಬರ ಹೊಲದಲ್ಲಿ ಮೊಲದ ಕಾಟ ಇರುವುದರಿಂದ, ಊರಿನ ಹಿರಿಯರೊಬ್ಬರ ಜೊತೆ ಚಳಿಗಾಲದಲ್ಲಿ ಫೆರೆಟ್ ಎಂಬ ಸಣ್ಣ ಸಾಕುಪ್ರಾಣಿಯನ್ನು ಬಿಲದೊಳಕ್ಕೆ ಬಿಟ್ಟು, ಹೊರಗೆ ಓಡಿಬರುವ ಮೊಲಗಳನ್ನು ಬಲೆಯಲ್ಲಿ ಹಿಡಿಯಲು ಹೋಗುತ್ತಿದ್ದೆ. ಅವರಿಗೆ ಮಂಡಿನೋವು ಬಂದು, ಫೆರೆಟ್‌ಗಳನ್ನೂ ಬಲೆಗಳನ್ನೂ ನನಗೇ ಒಪ್ಪಿಸಿದ್ದಾರೆ. ಇನ್ನು ಮುಂದೆ ಒಬ್ಬನೇ ಹೋಗಬಹುದೇ? ಎಷ್ಟು ಬಲೆ ಬೇಕು, ಎಷ್ಟು ಫೆರೆಟ್ ಬಿಡಬೇಕು? ಫೆರೆಟ್ ಬಿಲದೊಳಗೇ ಉಳಿದುಬಿಟ್ಟರೆ ಒಬ್ಬನೇ ಏನು ಮಾಡಲಿ? ಕೊನೆಯದಾಗಿ, ನಮ್ಮ ತಂದೆಯವರು ಊರಿನ ತೋಟದಲ್ಲೂ ಹೀಗೆ ಮಾಡಬಹುದೇ ಎಂದು ಕೇಳುತ್ತಾರೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಚಿಕ್ಕದು. ಊರಿನಲ್ಲಿ ಮಾಡುವಂತಿಲ್ಲ, ಮಾಡಿದರೂ ಫಲವಿಲ್ಲ. ಕರ್ನಾಟಕದ ಹೊಲ ಮತ್ತು ತೋಟಗಳಲ್ಲಿ ಕಾಣುವ, ಕತ್ತಿನ ಹಿಂಭಾಗ ಕಪ್ಪಾಗಿರುವ ಕಾಡುಮೊಲವನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ; ಬಲೆ ಹಾಕಿದರೂ ಅಪರಾಧ, ಉರುಳು ಒಡ್ಡಿದರೂ ಅಪರಾಧ. ಅದಲ್ಲದೆ ನಮ್ಮ ಮೊಲ ನೆಲ ತೋಡಿ ಬಿಲದಲ್ಲಿ ವಾಸಿಸುವ ಪ್ರಾಣಿಯಲ್ಲ. ಹುಲ್ಲಿನ ನಡುವೆ ಮೈ ಹುದುಗಿಸುವಷ್ಟು ತಗ್ಗು ಮಾಡಿಕೊಂಡು ಮಲಗುತ್ತದೆ, ಅಪಾಯ ಕಂಡರೆ ಬಯಲಿನಲ್ಲೇ ಓಡುತ್ತದೆ. ಫೆರೆಟ್‌ನ ಕೆಲಸವೆಲ್ಲ ನೆಲದ ಕೆಳಗಿನದು. ಬಿಲವೇ ಇಲ್ಲದ ಪ್ರಾಣಿಯ ಮುಂದೆ ಅದಕ್ಕೆ ಕೆಲಸವಿಲ್ಲ. ಸಫೊಕ್‌ನಲ್ಲಿ ನೀವು ಹಿಡಿಯುವುದು ಯುರೋಪಿನ ಬಿಲಮೊಲ. ಅದು ಬೇರೆಯೇ ಜಾತಿ, ಗುಂಪಾಗಿ ಬಿಲ ತೋಡಿ ಬದುಕುತ್ತದೆ. ಅಲ್ಲಿನ ಕಾನೂನು ಅದನ್ನು ಬೆಳೆಯ ಪೀಡೆ ಎಂದೇ ಕಾಣುತ್ತದೆ. ಫೆರೆಟ್ ಎಂದರೇನೆಂದು ತಂದೆಯವರು ಕೇಳಿದರೆ, ನೋಟಕ್ಕೆ ಸಣ್ಣ ಮುಂಗುಸಿಯಂತಿದ್ದರೂ ವಂಶದಿಂದ ಅದು ನಮ್ಮ ನೀರುನಾಯಿಗೂ ಪಶ್ಚಿಮ ಘಟ್ಟದ ನೀಲಗಿರಿ ಮಾರ್ಟೆನ್‌ಗೂ ನಂಟನೆಂದು ಹೇಳಿ.

ಇನ್ನು ಮುಖ್ಯ ವಿಷಯ. ಒಬ್ಬರೇ ಹೋಗಬಹುದು, ಇಂಗ್ಲೆಂಡಿನಲ್ಲಿ ಬಹಳ ಜನ ಹಾಗೆಯೇ ಹೋಗುತ್ತಾರೆ. ಆದರೆ ಇಬ್ಬರು ಮಾಡುತ್ತಿದ್ದ ಕೆಲಸವನ್ನೇ ಒಬ್ಬರು ಹೆಚ್ಚು ಚುರುಕಾಗಿ ಮಾಡುವುದು ಎಂದು ಇದನ್ನು ತಿಳಿದರೆ ಮೊದಲ ದಿನವೇ ಸೋಲುತ್ತೀರಿ. ಇಬ್ಬರಿದ್ದಾಗ ಬೇಲಿಸಾಲಿನ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು ನಿಲ್ಲುತ್ತಿದ್ದಿರಿ. ಒಬ್ಬರು ಬಲೆಗೆ ಬಿದ್ದ ಮೊಲವನ್ನು ನೋಡಿಕೊಳ್ಳುವಾಗ ಇನ್ನೊಬ್ಬರ ಕಣ್ಣು ಬಿಲದ ಉಳಿದ ಬಾಯಿಗಳ ಮೇಲಿರುತ್ತಿತ್ತು. ಒಬ್ಬರು ಅಗೆಯುವಾಗ ಇನ್ನೊಬ್ಬರು ಫೆರೆಟ್‌ನ ಕೊರಳಪಟ್ಟಿಯಿಂದ ಬರುವ ಸಂಕೇತವನ್ನು ಗುರುತಿಸುವ ಲೊಕೇಟರ್ ಹಿಡಿದು ಅದು ಅಲ್ಲಾಡಿತೇ ಎಂದು ಆಲಿಸುತ್ತಿದ್ದರು. ಈ ಎರಡನೆಯ ಜೋಡಿ ಕಣ್ಣನ್ನು ಯಾವ ಸಲಕರಣೆಯೂ ತುಂಬಿಕೊಡುವುದಿಲ್ಲ. ಆದ್ದರಿಂದ ನೀವು ಬಲೆಯ ಸಂಖ್ಯೆಯನ್ನು ಹೆಚ್ಚಿಸಬೇಕಿಲ್ಲ, ಬಿಲದ ಗಾತ್ರವನ್ನು ಕುಗ್ಗಿಸಬೇಕು. ಒಂದು ಜಾಗದಲ್ಲಿ ಅಲುಗಾಡದೆ ನಿಂತು ಎಲ್ಲ ಬಾಯಿಗಳನ್ನೂ ನೋಡಲು ಸಾಧ್ಯವಿರುವ ಬಿಲ ಮಾತ್ರ ಒಂಟಿಯಾಗಿ ಹೋಗುವವರ ಬಿಲ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಅನುಮತಿಯ ವಿಚಾರ ನಿಮಗೆ ಗೊತ್ತಿರಬಹುದು; ಆದರೂ ಹಿರಿಯರ ಜೊತೆ ಹೋಗುವಾಗ ಅವರ ಹೆಸರಿನಲ್ಲಿ ನಡೆಯುತ್ತಿದ್ದ ಕೆಲಸ ಈಗ ನಿಮ್ಮ ಹೆಸರಿನಲ್ಲಿ ನಡೆಯುತ್ತದೆ ಎಂಬುದನ್ನು ನೆನಪಿಡಿ. 1880ರ ಗ್ರೌಂಡ್ ಗೇಮ್ ಕಾಯ್ದೆಯಂತೆ ಮೊಲ ಹಿಡಿಯುವ ಹಕ್ಕು ಭೂಮಿಯನ್ನು ಸಾಗು ಮಾಡುವವರದು. ಅವರು ಬೇರೊಬ್ಬರಿಗೆ ಅಧಿಕಾರ ಕೊಡುವುದಾದರೆ ಬರಹದಲ್ಲಿ ಕೊಡಬೇಕು. 1954ರ ಪೆಸ್ಟ್ಸ್ ಕಾಯ್ದೆಯ ಅಡಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೆಚ್ಚುಕಡಿಮೆ ಎಲ್ಲ ಭೂಮಿಯೂ ಮೊಲ ನಿವಾರಣಾ ಪ್ರದೇಶವೆಂದು ಘೋಷಿತವಾಗಿರುವುದರಿಂದ, ಮೊಲ ನಿಯಂತ್ರಿಸುವುದು ರೈತರಿಗೆ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಅವರಿಂದ ನಿಮ್ಮ ಹೆಸರಿಗೆ ಒಂದು ಪತ್ರ ಪಡೆದು ಅದರ ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಪೂರ್ವ ಇಂಗ್ಲೆಂಡಿನ ಬಯಲುಗಳಲ್ಲಿ ನಾಯಿ ಬಿಟ್ಟು ಹೇರ್ ಎಂಬ ದೊಡ್ಡ ಕಾಡುಮೊಲಗಳನ್ನು ಕದ್ದು ಬೇಟೆಯಾಡುವವರ ಹಾವಳಿ ಇರುವುದರಿಂದ, ಚೀಲ ಹೊತ್ತು ಒಬ್ಬರೇ ಹೊಲದಲ್ಲಿ ನಡೆಯುವ ಅಪರಿಚಿತರನ್ನು ಕಂಡು ಪಕ್ಕದವರು ಪೊಲೀಸರಿಗೆ ಫೋನ್ ಮಾಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೋಗುವ ಹಿಂದಿನ ದಿನ ರೈತರಿಗೂ ಅಕ್ಕಪಕ್ಕದವರಿಗೂ ಒಂದು ಮೆಸೇಜ್ ಹಾಕಿಡುವುದು ಒಳ್ಳೆಯದು. ಯಾವ ಹೊಲಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ನೀವಿರುವ ಜಾಗ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಹಾಗೆಯೇ ಅಪಾಯದ್ದೂ ಹೌದು. ಸಫೊಕ್ ಮತ್ತು ನಾರ್ಫೋಕ್ ಸೇರುವಲ್ಲಿರುವ ಬ್ರೆಕ್‌ಲ್ಯಾಂಡ್ ಮರಳು ಮಣ್ಣಿನ ಒಣ ಸೀಮೆ. ನಾರ್ಮನ್ನರ ಕಾಲದಲ್ಲಿ ಇಂಗ್ಲೆಂಡಿಗೆ ಬಂದ ಮೊಲವನ್ನು ಮಾಂಸಕ್ಕೂ ತುಪ್ಪಳಕ್ಕೂ ಇಲ್ಲಿ ಶತಮಾನಗಳ ಕಾಲ ಸಾಕಿದರು. ಕಳ್ಳರಿಂದ ಮೊಲಗಳನ್ನು ಕಾಯಲು ಸುಮಾರು 1400ರಲ್ಲಿ ಥೆಟ್‌ಫರ್ಡ್ ಮಠದವರು ಕಟ್ಟಿಸಿದ ಕಲ್ಲಿನ ಕಾವಲುಮನೆ ಇಂದಿಗೂ ನಿಂತಿದೆ. ನಿಮ್ಮ ಬ್ರಾಂಡನ್ ಊರು ಒಂದು ಕಾಲಕ್ಕೆ ಮೊಲದ ತುಪ್ಪಳದಿಂದ ಟೋಪಿಯ ಫೆಲ್ಟ್ ತಯಾರಿಸಲು ಹೆಸರಾಗಿತ್ತು. ಮರಳು ಮಣ್ಣಿನಲ್ಲಿ ಅಗೆಯುವುದು ಸುಲಭ, ಆದರೆ ಅಷ್ಟೇ ಸುಲಭವಾಗಿ ಗುಂಡಿಯ ಗೋಡೆ ಕುಸಿಯುತ್ತದೆ. ಜೇಡಿಮಣ್ಣಿನ ಸೀಮೆಯವರು ಕೊಡುವ ಸಲಹೆಯನ್ನು ನೀವು ಹಾಗೆಯೇ ಅನುಸರಿಸಬಾರದೆಂದೇ ಈ ಮಾತನ್ನು ಹೇಳಿದೆ. ಅಗೆಯುವ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲೆ ಉದುರಿ, ತುರಿಚೆ ಗಿಡಗಳು ಸತ್ತು ನೆಲ ಕಾಣುವ ನವೆಂಬರ್‌ನಿಂದ ಫೆಬ್ರವರಿಯ ಮಧ್ಯದವರೆಗೆ ಒಳ್ಳೆಯದು. ಆಮೇಲೆ ಬಿಲಗಳಲ್ಲಿ ಮರಿಗಳಿರುತ್ತವೆ. ಮರಿಗಳು ಹೊರಗೆ ಓಡುವುದಿಲ್ಲ, ಫೆರೆಟ್ ಅವನ್ನು ಕೊಂದು ತಿಂದು ಅಲ್ಲೇ ಮಲಗುತ್ತದೆ. ಇಬ್ಬರಿದ್ದಾಗ ಇದು ಬೇಸರದ ಸಂಗತಿ, ಒಬ್ಬರಿದ್ದಾಗ ಇಡೀ ದಿನವೇ ಹಾಳು. ಗಾಳಿಯಿಲ್ಲದ, ಒಣ, ತಣ್ಣನೆಯ ದಿನವನ್ನು ಆರಿಸಿಕೊಳ್ಳಿ. ಗಾಳಿ ಜೋರಾಗಿದ್ದರೆ ನೆಲದೊಳಗಿನ ಸದ್ದು ನಿಮಗೆ ಕೇಳುವುದಿಲ್ಲ, ಮೊಲವೂ ಹೊರಗೆ ಬರಲು ಹಿಂಜರಿಯುತ್ತದೆ.

ಈಗ ಬಿಲ ಆರಿಸುವುದು. ಹೋಗುವ ದಿನಕ್ಕಿಂತ ಒಂದು ವಾರ ಮೊದಲು ಬರಿಗೈಯಲ್ಲಿ ಹೊಲ ಸುತ್ತಿ ಬನ್ನಿ. ಆರರಿಂದ ಹನ್ನೆರಡು ಬಾಯಿಗಳಿರುವ, ಒಂದೇ ಬದಿಗೆ ತೆರೆದುಕೊಂಡಿರುವ ಬಿಲಗಳನ್ನು ಹುಡುಕಿ: ಬಯಲಿನ ನಡುವೆ ಒಂಟಿಯಾಗಿರುವ ದಿಬ್ಬ, ಹಳೆಯ ಸುಣ್ಣದಮಣ್ಣಿನ ಹೊಂಡದ ಅಂಚು, ಬಿದ್ದ ಮರದ ಬೇರಿನ ಬುಡ. ಇಂಗ್ಲೆಂಡಿನ ಬೇಲಿಸಾಲಿನ ಬದುಗಳು ನೋಡಲು ಆಸೆ ಹುಟ್ಟಿಸುತ್ತವೆ, ಮೊಲವೂ ಅಲ್ಲೇ ಹೆಚ್ಚು. ಆದರೆ ಅಲ್ಲಿನ ಬಿಲ ಎರಡೂ ಬದಿಗೆ ಬಾಯಿ ಬಿಡುತ್ತದೆ. ನೀವು ಈ ಬದಿಯಲ್ಲಿ ನಿಂತಾಗ ಆ ಬದಿಯ ಬಲೆಯಲ್ಲಿ ಬಿದ್ದ ಮೊಲ ಒದ್ದಾಡಿ ಬಿಡಿಸಿಕೊಂಡು ಹೋದದ್ದು ನಿಮಗೆ ತಿಳಿಯುವುದೇ ಇಲ್ಲ, ತಿಳಿದರೂ ಮುಳ್ಳುಬೇಲಿ ದಾಟಿ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ಅಂಥ ಬದುಗಳನ್ನು ಜೊತೆಗಾರರು ಸಿಗುವ ದಿನಕ್ಕೆ ಬಿಟ್ಟುಬಿಡಿ. ಬೇರೆ ದಾರಿಯಿಲ್ಲದೆ ಅದನ್ನೇ ಮಾಡಬೇಕಾದರೆ, ಕಾಣದ ಬದಿಯಲ್ಲಿ ಬಾಯಿಗೊಂದು ಬಲೆ ಹಾಕುವ ಬದಲು, ಸಡಿಲವಾಗಿ ಇಳಿಬಿಟ್ಟ ಲಾಂಗ್ ನೆಟ್ ಎಂಬ ಉದ್ದನೆಯ ಬಲೆಯೊಂದನ್ನು ಉದ್ದಕ್ಕೂ ನಿಲ್ಲಿಸಿ. ಬಾಯಿಗೆ ಹಾಸಿದ ಬಲೆಯಿಂದ ಮೊಲ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳಬಹುದು. ಓಡಿಬಂದು ಸಡಿಲ ಬಲೆಗೆ ಬಿದ್ದ ಮೊಲ ತನ್ನನ್ನು ತಾನೇ ಸುತ್ತಿಕೊಂಡು, ನೀವು ಬರುವವರೆಗೆ ಅಲ್ಲಿಯೇ ಇರುತ್ತದೆ.

ಬಿಲದಲ್ಲಿ ಮೊಲ ಇದೆಯೇ ಎಂಬುದನ್ನೂ ಆ ದಿನವೇ ನೋಡಿಕೊಳ್ಳಿ. 1953ರಲ್ಲಿ ಕೆಂಟ್ ಕೌಂಟಿಯಲ್ಲಿ ಕಾಣಿಸಿಕೊಂಡ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿನ ಮೊಲಗಳಲ್ಲಿ ಬಹುಪಾಲನ್ನು ಕೊಂದಿತು, 1990ರ ದಶಕದಿಂದ ರಕ್ತಸ್ರಾವದ ಮತ್ತೊಂದು ವೈರಸ್ ರೋಗವೂ ಸೇರಿಕೊಂಡಿದೆ. ಹೀಗಾಗಿ ನೋಡಲು ಭರ್ಜರಿಯಾದ ಹಳೆಯ ಬಿಲ ಒಳಗೆ ಖಾಲಿಯಾಗಿರುವುದು ಅಪರೂಪವಲ್ಲ. ಬಾಯಿಯ ಅಂಚು ನುಣುಪಾಗಿ ಸವೆದಿದ್ದು, ಹೊಸ ಮಣ್ಣು ಹರಡಿದ್ದು, ಹಸಿ ಹಿಕ್ಕೆ ಇದ್ದರೆ ಒಳಗೆ ಮೊಲವಿದೆ. ಬಾಯಿಗೆ ಜೇಡರ ಬಲೆ ಕಟ್ಟಿದ್ದು, ಒಣಗಿದ ಎಲೆ ಕದಲದೆ ಬಿದ್ದಿದ್ದರೆ ಆ ಬಾಯಿ ಬಳಕೆಯಲ್ಲಿಲ್ಲ. ಆದರೂ ಅದಕ್ಕೆ ಬಲೆ ಬೇಕು, ಏಕೆಂದರೆ ಓಡುವ ಮೊಲ ಹಳೆಯ ದಾರಿಯನ್ನೂ ಹಿಡಿಯುತ್ತದೆ. ಮುಳ್ಳುಪೊದೆ ಸವರಬೇಕಿದ್ದರೆ ಈ ಭೇಟಿಯಲ್ಲೇ ಸವರಿಬಿಡಿ. ಹಿಡಿಯುವ ದಿನ ಕತ್ತಿ ಹಿಡಿದು ಸದ್ದು ಮಾಡಿದರೆ ಒಳಗಿನ ಮೊಲ ಹೊರಗೆ ಬರುವ ಧೈರ್ಯ ಕಳೆದುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಮೊಲದ ಬಾಯಿ ಹತ್ತು-ಹದಿನೈದು ಸೆಂಟಿಮೀಟರ್ ಅಗಲದ್ದು. ಅದಕ್ಕಿಂತ ಬಹಳ ಅಗಲವಾಗಿ, ಇಂಗ್ಲಿಷಿನ ಡಿ ಅಕ್ಷರವನ್ನು ಮಲಗಿಸಿದ ಆಕಾರದಲ್ಲಿ ಬಾಯಿ ಇದ್ದು, ಹೊರಗೆ ದೊಡ್ಡ ಮಣ್ಣಿನ ರಾಶಿ, ಎಳೆದು ತಂದ ಒಣಹುಲ್ಲು, ತುದಿ ಬೆಳ್ಳಗಿರುವ ಒರಟು ಕೂದಲು ಕಂಡರೆ ಅದು ಬ್ಯಾಜರ್ ಎಂಬ, ಬಿಲ ತೋಡುವ ದೊಡ್ಡ ಪ್ರಾಣಿಯ ಮನೆ. 1992ರ ಬ್ಯಾಜರ್ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಕೆದಕುವುದು ಅಪರಾಧ. ಮೊಲದ ಬಿಲಕ್ಕೆ ಅಂಟಿಕೊಂಡೇ ಬ್ಯಾಜರ್ ಬಿಲ ಇರುವುದುಂಟು. ಅನುಮಾನ ಬಂದರೆ ಆ ಇಡೀ ಜಾಗವನ್ನು ಬಿಟ್ಟು ಮುಂದೆ ಹೋಗಿ. ಇಲಿ ಸೇರಿಕೊಂಡಿರುವ ಬಿಲವನ್ನೂ ಬಿಡಿ. ಇಲಿಯ ಕಡಿತದಿಂದ ಫೆರೆಟ್‌ಗೆ ಕೀವು ತುಂಬುತ್ತದೆ, ಮತ್ತೆ ಬಿಲಕ್ಕೆ ಇಳಿಯುವ ಧೈರ್ಯವೂ ಹೋಗಬಹುದು.

ಬಲೆಯ ಸಂಖ್ಯೆ ಕೇಳಿದ್ದೀರಿ. ಹನ್ನೆರಡು ಬಾಯಿಯ ಬಿಲಕ್ಕೆ ಬಾಯಿಗೊಂದರಂತೆ ಹಾಸುವ ಪರ್ಸ್ ನೆಟ್ ಎಂಬ ಸಣ್ಣ ಬಲೆ ಇಪ್ಪತ್ತು ಸಾಕು: ಹನ್ನೆರಡು ಬಾಯಿಗಳಿಗೆ, ಎರಡು-ಮೂರು ನೀವು ಮೊದಲು ಕಾಣದೆ ಆಮೇಲೆ ಕಾಣುವ ಬಾಯಿಗಳಿಗೆ, ಉಳಿದವು ನಿಮ್ಮ ಸೊಂಟದ ಚೀಲದಲ್ಲಿ ಬದಲಿಗೆ. ಈ ಬದಲಿ ಬಲೆಗಳೇ ಒಂಟಿ ಬೇಟೆಯ ಜೀವಾಳ. ಕಾರಣವನ್ನು ಮುಂದೆ ಹೇಳುತ್ತೇನೆ. ಸೆಣಬಿನ ಬಲೆ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಆದರೆ ಒದ್ದೆಯಾಗಿ ಇಟ್ಟರೆ ಕೊಳೆಯುತ್ತದೆ. ನೈಲಾನ್ ಕೊಳೆಯುವುದಿಲ್ಲ, ಗಾಳಿಗೆ ಹಾರುತ್ತದೆ. ನನ್ನ ಒಲವು ಸೆಣಬಿನ ಕಡೆಗೆ. ದಿನವೂ ಒಣಗಿಸುವ ತಾಳ್ಮೆ ನಿಮಗಿಲ್ಲದಿದ್ದರೆ ನೈಲಾನ್ ಇರಲಿ. ಗೂಟದ ತಲೆಗಳಿಗೆ ಕಣ್ಣಿಗೆ ಹೊಡೆಯುವ ಬಣ್ಣ ಬಳಿಯಿರಿ. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಮರೆತು ಬಂದ ಒಂದು ಬಲೆ ರಾತ್ರಿಯಿಡೀ ಯಾವುದೋ ಪ್ರಾಣಿಯನ್ನು ನರಳಿಸುತ್ತದೆ, ಜ್ಞಾಪಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಬಲೆ ಹಾಕುವಾಗ ಬಿಲದ ಮೇಲೆ ನಡೆಯಬೇಡಿ. ಹೆಜ್ಜೆಯ ಸದ್ದು ಕೆಳಗೆ ಚೆನ್ನಾಗಿ ಕೇಳುತ್ತದೆ. ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆಯಿಂದ ಬಂದು, ಪೊದೆಯಲ್ಲಿ ಮರೆಯಾಗಿರುವ ಒಂಟಿ ಬಾಯಿಗಳಿಗೆ ಮೊದಲು ಹಾಕಿ, ಆಮೇಲೆ ನಡುವಿನವಕ್ಕೆ. ಬಲೆಯ ತುದಿಗಳಲ್ಲಿರುವ ಬಳೆಗಳ ಪೈಕಿ ಕೆಳಗಿನದನ್ನು ಬಾಯಿಯ ತಳದಲ್ಲಿ ಸ್ವಲ್ಪ ಒಳಗೆ ಕೂರಿಸಿ, ಬಲೆಯನ್ನು ಬಾಯಿಯ ಅಂಚಿನಾಚೆಗೂ ಹರಡಿ, ಮೇಲಿನ ಬಳೆಯ ದಾರ ಎಳೆದು ಗೂಟವನ್ನು ಮೇಲ್ಭಾಗದಲ್ಲಿ ಗಟ್ಟಿಯಾಗಿ ಒತ್ತಿ. ಬಡಿಯಬೇಡಿ, ಒತ್ತಿ. ಮೊಲ ನುಗ್ಗಿದ ಕೂಡಲೇ ಎಲೆಯಡಿಕೆ ಸಂಚಿಯ ದಾರ ಎಳೆದಂತೆ ಬಲೆ ಮುಚ್ಚಿಕೊಳ್ಳಬೇಕು. ಕಡ್ಡಿಯೋ ಬೇರೋ ದಾರಕ್ಕೆ ಸಿಕ್ಕಿದ್ದರೆ ಮುಚ್ಚುವುದಿಲ್ಲ. ಬ್ರೆಕ್‌ಲ್ಯಾಂಡಿನ ಸಡಿಲ ಮರಳಿನಲ್ಲಿ ಮಾಮೂಲಿ ಗೂಟ ಕಿತ್ತುಬರುತ್ತದೆ. ಒಂದೂವರೆ ಪಟ್ಟು ಉದ್ದದ ಗೂಟ ಮಾಡಿಸಿಕೊಳ್ಳಿ. ಇಬ್ಬರಿದ್ದಾಗ ಗೂಟ ಸಡಿಲವಾದರೂ ಯಾರಾದರೊಬ್ಬರು ಓಡಿ ಹಿಡಿಯುತ್ತಿದ್ದಿರಿ, ಈಗ ಆ ಕೆಲಸವನ್ನು ಗೂಟವೇ ಮಾಡಬೇಕು. ಎಲ್ಲ ಹಾಕಿದ ಮೇಲೆ ಹತ್ತು ನಿಮಿಷ ದೂರ ಹೋಗಿ ಸುಮ್ಮನೆ ಕೂತಿರಿ.

ಫೆರೆಟ್ ಒಂದೇ ಸಾಕು, ಅದೂ ಹೆಣ್ಣು. ಜಿಲ್ ಎನ್ನುವ ಹೆಣ್ಣು ಫೆರೆಟ್ ಸಾಮಾನ್ಯವಾಗಿ ಒಂದು ಕಿಲೋ ಒಳಗೆ ತೂಗುತ್ತದೆ, ಬಲೆಯ ಕಣ್ಣುಗಳ ನಡುವೆ ಅದನ್ನು ಕದಲಿಸದೆ ನುಸುಳಿ ಬರುತ್ತದೆ. ಹಾಬ್ ಎನ್ನುವ ಗಂಡು ಎರಡು ಕಿಲೋವರೆಗೂ ಬೆಳೆಯುತ್ತದೆ, ಹೊರಗೆ ಬಂದಾಗಲೆಲ್ಲ ಬಲೆಯನ್ನು ಎಳೆದು ಕೆಡಿಸುತ್ತದೆ. ಅದನ್ನು ಸರಿಪಡಿಸಲು ನೀವು ಏಳಬೇಕಾಗುತ್ತದೆ. ಒಂಟಿಯಾಗಿರುವವರು ಎದ್ದಷ್ಟೂ ಮೊಲ ಒಳಗೇ ಉಳಿಯುತ್ತದೆ. ಎರಡು ಜಿಲ್‌ಗಳಿದ್ದರೆ ಒಂದು ಕೆಲಸ ಮಾಡಲಿ, ಇನ್ನೊಂದು ಪೆಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಬೆಚ್ಚಗಿರಲಿ, ಮಧ್ಯಾಹ್ನ ಬದಲಾಯಿಸಿ. ಎರಡನ್ನೂ ಒಟ್ಟಿಗೆ ಬಿಟ್ಟು, ಎರಡೂ ಬೇರೆ ಬೇರೆ ಮೂಲೆಯಲ್ಲಿ ಮಲಗಿಬಿಟ್ಟರೆ ಅಗೆಯುವ ಕೈ ಒಂದೇ ಜೋಡಿ. ಬೆಳಿಗ್ಗೆ ಎಂದಿನ ಊಟದಲ್ಲಿ ಅರ್ಧ ಕೊಟ್ಟು ಕರೆದೊಯ್ಯಿರಿ. ಹಸಿದ ಫೆರೆಟ್ ಚುರುಕಾಗುತ್ತದೆ ಎಂಬ ನಂಬಿಕೆ ಇದೆ. ನನಗೆ ಅದರಲ್ಲಿ ವಿಶ್ವಾಸವಿಲ್ಲ, ಹಸಿದದ್ದು ಕೊಂದು ತಿನ್ನಲು ಕೂರುತ್ತದೆ. ಕೊಲ್ಲದಂತೆ ಬಾಯಿ ಕಟ್ಟಿ ಬಿಡುವ ಪದ್ಧತಿ ಬಹಳ ಹಳೆಯದು. ಸ್ಪೇನಿನ ಸೀಮೆಯಲ್ಲಿ ಹೀಗೆ ಬಾಯಿ ಕಟ್ಟಿ ಬಿಲಕ್ಕೆ ಬಿಡುತ್ತಿದ್ದರೆಂದು, ಹೊರಗೆ ಓಡಿಬಂದ ಮೊಲವನ್ನು ಅಲ್ಲಿ ನಿಂತ ಜನ ಹಿಡಿಯುತ್ತಿದ್ದರೆಂದು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ನೀವು ಅದನ್ನು ಮಾಡಬೇಡಿ. ಬಾಯಿ ಕಟ್ಟಿದ ಫೆರೆಟ್ ದಾರಿ ತಪ್ಪಿದರೆ ಹಸಿವಿನಿಂದ ಸಾಯುತ್ತದೆ, ಇಲಿ ಎದುರಾದರೆ ತನ್ನನ್ನು ಕಾಪಾಡಿಕೊಳ್ಳಲಾರದು.

ಲೊಕೇಟರ್ ಕೊರಳಪಟ್ಟಿ ಇಲ್ಲದೆ ಒಬ್ಬರೇ ಫೆರೆಟ್ ಬಿಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಸಲ ಹೊಸ ಬ್ಯಾಟರಿ ಹಾಕಿ, ಕಟ್ಟುವ ಮೊದಲು ಸಂಕೇತ ಬರುತ್ತದೆಯೇ ಎಂದು ನೋಡಿ, ಪಟ್ಟಿಯ ಕೆಳಗೆ ಕಿರುಬೆರಳು ತೂರುವಷ್ಟು ಮಾತ್ರ ಸಡಿಲ ಬಿಡಿ. ಸಡಿಲ ಹೆಚ್ಚಾದರೆ ಬೇರಿಗೆ ಸಿಕ್ಕಿ ಕಳಚಿಕೊಳ್ಳುತ್ತದೆ, ನೀವು ಎರಡು ಗಂಟೆ ಅಗೆದು ಪಟ್ಟಿಯನ್ನು ಮಾತ್ರ ಎತ್ತುತ್ತೀರಿ.

ಫೆರೆಟ್ ಬಿಡುವಾಗ ಒಳಕ್ಕೆ ತಳ್ಳಬೇಡಿ. ಬಲೆಯ ಅಂಚು ಎತ್ತಿ ಬಾಯಿಯ ಮುಂದೆ ಬಿಟ್ಟರೆ ತಾನೇ ಮೂಸಿ ಇಳಿಯುತ್ತದೆ, ಇಲ್ಲವೇ ತಿರುಗಿ ಬರುತ್ತದೆ. ಅನುಭವಿ ಜಿಲ್ ಎರಡು-ಮೂರು ಬಾಯಿಯಲ್ಲಿ ತಲೆಯಿಟ್ಟು ಹಿಂದೆ ಬಂದರೆ ಒಳಗೆ ಏನೂ ಇಲ್ಲವೆಂದೇ ತಿಳಿಯಿರಿ. ಇಳಿದ ಮೇಲೆ ಬಲೆಯ ಅಂಚು ಸರಿಮಾಡಿ, ಮೊದಲೇ ಗುರುತಿಸಿದ ಜಾಗಕ್ಕೆ ಹೋಗಿ ನಿಲ್ಲಿ. ಆ ಜಾಗ ಬಾಯಿಗಳ ಎದುರಿಗಲ್ಲ, ಅವುಗಳ ಹಿಂದೆ ಅಥವಾ ಪಕ್ಕಕ್ಕೆ ಇರಬೇಕು. ಬಾಯಿಯವರೆಗೆ ಬಂದ ಮೊಲ ಹೊರಗೆ ನಿಮ್ಮ ನೆರಳು ಕಂಡರೆ ತಿರುಗಿಬಿಡುತ್ತದೆ, ಒಮ್ಮೆ ತಿರುಗಿದ ಮೊಲ ಮತ್ತೆ ಹೊರಗೆ ಬರುವುದು ಕಷ್ಟ. ನೆಲದೊಳಗೆ ಗುಡುಗಿದಂಥ ಸದ್ದು ಕೇಳಿದರೆ ಮೊಲ ಓಡುತ್ತಿದೆ ಎಂದರ್ಥ. ಆಗ ಬಗ್ಗಿ ನೋಡುವ ಆಸೆಯನ್ನು ತಡೆದುಕೊಳ್ಳಬೇಕು.

ಮೊಲ ಬಲೆಗೆ ಬಿದ್ದ ಕೂಡಲೇ ನಿಮ್ಮ ಬದಲಿ ಬಲೆ ಕೆಲಸಕ್ಕೆ ಬರುತ್ತದೆ. ಒಂದು ಕಾಲಿನ ಬೂಟನ್ನು ಆ ಬಾಯಿಗೆ ಅಡ್ಡ ಇಟ್ಟು, ಬಲೆಯ ಸಮೇತ ಮೊಲವನ್ನು ಎತ್ತಿ, ಬಲೆಯಲ್ಲಿರುವಾಗಲೇ ಕತ್ತು ಮುರಿದು ಮುಗಿಸಿ. ಬಲೆಯಿಂದ ಬಿಡಿಸುವ ಕೆಲಸಕ್ಕೆ ಕೂರಬೇಡಿ. ಗೂಟ ಕಿತ್ತು, ಮೊಲ ಮತ್ತು ಬಲೆ ಎರಡನ್ನೂ ಪಕ್ಕಕ್ಕೆ ಇಟ್ಟು, ಸೊಂಟದ ಚೀಲದಿಂದ ಹೊಸ ಬಲೆ ತೆಗೆದು ಹಾಸಿ, ನಿಮ್ಮ ಜಾಗಕ್ಕೆ ಮರಳಿ. ಬಿಡಿಸುವುದು, ಮೂತ್ರ ಹಿಂಡುವುದು, ಹಿಂಗಾಲು ಸೀಳಿ ಕೋಲಿಗೆ ನೇತುಹಾಕುವುದು ಎಲ್ಲ ಫೆರೆಟ್ ಹೊರಗೆ ಬಂದ ಮೇಲೆ. ಕತ್ತು ಮುರಿಯುವುದನ್ನು ನಿಮ್ಮ ಹಿರಿಯರಿಂದ ಸತ್ತ ಮೊಲದ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿ ಕಲಿತುಕೊಳ್ಳಿ. ಅರೆಬರೆ ಮಾಡುವುದು ಕ್ರೌರ್ಯ, ಹಾಗೆ ನರಳಿಸುವುದು ಕಾನೂನಿನ ತೊಡಕಿಗೂ ದಾರಿಯಾದೀತು. ಒಂದೇ ಹೊತ್ತಿಗೆ ಎರಡು ಬಿದ್ದರೆ ಹತ್ತಿರದ್ದಕ್ಕೆ ಓಡಬೇಡಿ, ಗೂಟ ಅಲುಗುತ್ತಿರುವುದಕ್ಕೆ ಓಡಿ. ಕಣ್ಣು ಊದಿ ಕೀವುಗಟ್ಟಿದ ಮೊಲ ಸಿಕ್ಕರೆ ಅದು ಮಿಕ್ಸೊಮಟೋಸಿಸ್. ಕೊಂದು ಬೇರೆಯಾಗಿಡಿ, ಅಡುಗೆಗೆ ತರಬೇಡಿ.

ಬಂದೂಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಒಬ್ಬರೇ ಇದ್ದಾಗ ಬಲೆಯ ಬದಲು ಶಾಟ್‌ಗನ್ ಹಿಡಿದು ನಿಲ್ಲುವವರಿದ್ದಾರೆ. ಮೊಲದ ಹಿಂದೆಯೇ ಫೆರೆಟ್ ತಲೆ ಹಾಕುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ. ನಾಯಿಯ ಮಾತು ಬೇರೆ. ಯಾವ ಬಿಲದಲ್ಲಿ ಮೊಲವಿದೆ ಎಂದು ಮೂಸಿ ನಿಂತು ತೋರಿಸುವ, ಫೆರೆಟ್ ಜೊತೆ ಬೆಳೆದ ವಿಪೆಟ್ ಅಥವಾ ಲರ್ಚರ್ ನಾಯಿ ಖಾಲಿ ಬಿಲಕ್ಕೆ ಬಲೆ ಹಾಕುವ ಅರ್ಧ ದಿನವನ್ನು ಉಳಿಸುತ್ತದೆ. ಇಂಗ್ಲೆಂಡಿನಲ್ಲಿ 2004ರ ಹಂಟಿಂಗ್ ಕಾಯ್ದೆಯು, ಭೂಮಾಲೀಕರ ಅನುಮತಿಯಿದ್ದರೆ, ನಾಯಿಯಿಂದ ಬಿಲಮೊಲ ಹಿಡಿಯುವುದಕ್ಕೆ ವಿನಾಯಿತಿ ಕೊಟ್ಟಿದೆ. ಸ್ಕಾಟ್ಲೆಂಡಿನ ನಿಯಮ ಬೇರೆ.

ಈಗ ನಿಮ್ಮ ನಿಜವಾದ ಆತಂಕಕ್ಕೆ ಬರೋಣ. ಫೆರೆಟ್ ಹೊರಗೆ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಮೊಲ ಮುಚ್ಚಿದ ಕವಲಿನೊಳಗೆ ಹಿಂಭಾಗ ತೋರಿಸಿ ಕೂತಿದ್ದು ಫೆರೆಟ್ ಅದನ್ನು ಕೆರೆಯುತ್ತಿರಬಹುದು, ಇಲ್ಲವೇ ಕೊಂದು, ತಿಂದು ಪಕ್ಕದಲ್ಲೇ ಮಲಗಿರಬಹುದು. ಲೊಕೇಟರ್ ಇಲ್ಲದ ಕಾಲದಲ್ಲಿ ದೊಡ್ಡ ಹಾಬ್ ಒಂದಕ್ಕೆ ಗಜಕ್ಕೊಂದು ಗಂಟು ಹಾಕಿದ ಉದ್ದ ಹಗ್ಗ ಕಟ್ಟಿ ಒಳಗೆ ಬಿಡುತ್ತಿದ್ದರು. ಅದು ಜಿಲ್ ಅನ್ನು ಓಡಿಸಿ ಮೊಲದ ಹತ್ತಿರ ಕೂತಾಗ ಗಂಟು ಎಣಿಸಿ ದೂರ ತಿಳಿಯುತ್ತಿದ್ದರು, ಹಗ್ಗದ ಜಾಡಿನಲ್ಲೇ ಅಗೆಯುತ್ತಿದ್ದರು. ಈಗ ಆ ಶ್ರಮವಿಲ್ಲ. ಆದರೆ ಲೊಕೇಟರ್ ಕೈಯಲ್ಲಿರುವವರ ಸಾಮಾನ್ಯ ತಪ್ಪು ಆತುರ. ಐದು ನಿಮಿಷ ಒಂದೇ ಕಡೆ ಸಂಕೇತ ಬಂದಿತೆಂದು ಸಲಿಕೆ ಹಿಡಿಯುತ್ತಾರೆ, ಅಗೆತದ ಸದ್ದಿಗೆ ಉಳಿದ ಮೊಲಗಳೆಲ್ಲ ಒಳಗೇ ಅಡಗುತ್ತವೆ. ಇಪ್ಪತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಸಂಕೇತ ಸ್ವಲ್ಪ ಹಿಂದೆ ಮುಂದೆ ಆಗುತ್ತಿದ್ದರೆ ಮೊಲ ಜೀವಂತ, ಫೆರೆಟ್ ಕೆಲಸದಲ್ಲಿದೆ. ಪೂರ್ತಿ ಸ್ತಬ್ಧವಾಗಿದ್ದರೆ ಮಲಗಿದೆ. ಮಲಗಿದ್ದನ್ನು ಎಬ್ಬಿಸಲು, ಅದು ಇಳಿದ ಬಾಯಿಯ ಬಳಿ ಹೊಟ್ಟೆ ಸೀಳಿದ ಹಸಿ ಮೊಲವೊಂದನ್ನು, ಬಿಲದೊಳಕ್ಕೆ ವಾಸನೆ ಹೋಗುವಂತೆ ಗಾಳಿಯ ಕಡೆಗೆ ಇಟ್ಟು ನೋಡಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಅಗೆಯಲೇಬೇಕಾದರೆ, ನೆಲದ ಮೇಲೆ ಸಂಕೇತ ಅತಿ ಬಲವಾಗಿರುವ ಜಾಗವನ್ನು ನಾಲ್ಕು ದಿಕ್ಕಿನಿಂದ ದಾಟಿ ಗುರುತು ಮಾಡಿ, ಲೊಕೇಟರ್ ತೋರಿಸುವ ಆಳವನ್ನು ನೋಡಿಕೊಳ್ಳಿ. ಗುಂಡಿಯನ್ನು ಗುರುತಿನ ನೇರ ಮೇಲೆ ತೆಗೆಯದೆ ಒಂದು ಗೇಣು ಪಕ್ಕಕ್ಕೆ ತೆಗೆದು, ಆಮೇಲೆ ಅಡ್ಡವಾಗಿ ಸೇರಿ. ಸಲಿಕೆಯ ಅಲಗಿಗೆ ಕೆಳಗೆ ಯಾರಿದ್ದಾರೆಂದು ಗೊತ್ತಿರುವುದಿಲ್ಲ. ಕೊನೆಯ ಒಂದಡಿ ಮಣ್ಣನ್ನು ಕೈಯಲ್ಲೇ ತೆಗೆಯಿರಿ, ಪ್ರತಿ ಅರ್ಧ ಅಡಿಗೂ ಲೊಕೇಟರ್ ಇಟ್ಟು ಮತ್ತೆ ನೋಡಿ. ಇಬ್ಬರಿದ್ದಾಗ ಇದು ತಾನಾಗಿ ನಡೆಯುತ್ತಿತ್ತು, ಒಬ್ಬರೇ ಇರುವಾಗ ಬೇಕೆಂದೇ ನಿಲ್ಲಿಸಿ ನೋಡಬೇಕು. ಸುರಂಗ ಒಡೆದ ಕೂಡಲೇ ಎರಡೂ ಕಡೆಯ ಬಾಯಿಯನ್ನು ನೋಡಿಕೊಳ್ಳಿ, ಫೆರೆಟ್ ಎತ್ತಿ ಪೆಟ್ಟಿಗೆಗೆ ಹಾಕಿ, ಆಮೇಲೆ ಮೊಲಕ್ಕೆ ಕೈ ಹಾಕಿ. ಗುಂಡಿಯನ್ನು ಪೂರ್ತಿ ಮುಚ್ಚಿ ತುಳಿದೇ ಹೊರಡಿ. ಬಿಟ್ಟುಹೋದ ಗುಂಡಿಯಲ್ಲಿ ದನ-ಕುದುರೆಗಳ ಕಾಲು ಮುರಿದರೆ ಮುಂದಿನ ವರ್ಷ ನಿಮಗೆ ಆ ಹೊಲವಿಲ್ಲ.

ಆಳಕ್ಕೆ ಒಂದು ಮಿತಿ ಬೇಕು. ನಿಮ್ಮ ಮರಳು ಸೀಮೆಯಲ್ಲಿ ಒಬ್ಬರೇ ಇದ್ದಾಗ ಸೊಂಟಕ್ಕಿಂತ ಆಳಕ್ಕೆ ಇಳಿಯಬೇಡಿ, ಗುಂಡಿಯ ಅಂಚಿನಲ್ಲಿ ಮಲಗಿ ತಲೆ ಮತ್ತು ಭುಜವನ್ನು ಒಳಕ್ಕೆ ಇಳಿಬಿಟ್ಟು ಕೈ ಚಾಚಬೇಡಿ. ಹಾಗೆ ಚಾಚಿದಾಗ ಗೋಡೆ ಕುಸಿದರೆ ಎಳೆದು ತೆಗೆಯುವವರು ಯಾರೂ ಇಲ್ಲ. ಲೊಕೇಟರ್ ಅದಕ್ಕಿಂತ ಹೆಚ್ಚು ಆಳ ತೋರಿಸಿದರೆ ಅಗೆಯುವ ಯೋಚನೆಯನ್ನೇ ಬಿಟ್ಟು ಕಾಯುವ ದಾರಿ ಹಿಡಿಯಿರಿ, ಅಥವಾ ರೈತರಿಗೆ ಫೋನ್ ಮಾಡಿ.

ಕಾಯುವುದಕ್ಕೆ ಬೆಳಕು ಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಸಫೊಕ್‌ನ ಸೂರ್ಯ ನಾಲ್ಕು ಗಂಟೆಯ ಒಳಗೇ ಮುಳುಗುತ್ತಾನೆ. ಆದ್ದರಿಂದ ಮಧ್ಯಾಹ್ನ ಒಂದೂವರೆಯ ನಂತರ ಹೊಸ ಬಿಲಕ್ಕೆ ಫೆರೆಟ್ ಬಿಡಬೇಡಿ. ಒಂದು ಬಿಲ ಬಾಕಿ ಉಳಿದರೆ ಉಳಿಯಲಿ. ಆದರೂ ಕತ್ತಲಾಗಿ ಫೆರೆಟ್ ಒಳಗೇ ಉಳಿದರೆ, ಎಲ್ಲ ಬಲೆಗಳನ್ನೂ ತೆಗೆದು, ಅದು ಇಳಿದ ಬಾಯಿಯೊಂದನ್ನು ಬಿಟ್ಟು ಉಳಿದವನ್ನು ಹುಲ್ಲುಹೆಂಟೆಗಳಿಂದ ಬಿಗಿಯಾಗಿ ಮುಚ್ಚಿ. ತೆರೆದ ಬಾಯಿಗೆ ಅದರ ಪೆಟ್ಟಿಗೆಯನ್ನೇ ಬಾಗಿಲು ಒಳಮುಖವಾಗಿರುವಂತೆ ಒತ್ತಿ ಇಟ್ಟು, ಒಳಗೆ ಅದು ಮಲಗುವ ಹುಲ್ಲು ಮತ್ತು ಒಂದು ತುಂಡು ಮಾಂಸ ಹಾಕಿ, ಸುತ್ತ ಮಣ್ಣು ಕಟ್ಟಿ ಸಂದು ಮುಚ್ಚಿ. ತನ್ನದೇ ವಾಸನೆಯ ಹುಲ್ಲನ್ನು ಹುಡುಕಿ ಬಂದು ಬಹುತೇಕ ಅದರಲ್ಲೇ ಸುರುಳಿ ಸುತ್ತಿ ಮಲಗಿರುತ್ತದೆ. ಕೋಳಿ ಸಾಕಿರುವ ಮನೆ ಹತ್ತಿರವಿದ್ದರೆ ಅವರಿಗೆ ಆ ರಾತ್ರಿಯೇ ತಿಳಿಸಿ, ಗೂಡು ಭದ್ರ ಮಾಡಿಕೊಳ್ಳಲಿ. ಬೆಳಕು ಹರಿಯುವ ಮೊದಲೇ ಹೋಗಿ ಪೆಟ್ಟಿಗೆ ನೋಡಿ. ಬಂದಿರದಿದ್ದರೆ ಲೊಕೇಟರ್‌ನಿಂದ ಮತ್ತೆ ಹುಡುಕಿ, ಬ್ಯಾಟರಿ ಇನ್ನೂ ಜೀವಂತವಿರುತ್ತದೆ. ಬಂದಿದ್ದರೆ ನೀರು ಕೊಟ್ಟು, ಮೂಗು ಕಿವಿಯಲ್ಲಿ ಕಡಿತದ ಗಾಯವಿದೆಯೇ ಎಂದು ನೋಡಿ, ಹಿಂದಿನ ದಿನ ಮುಚ್ಚಿದ ಬಾಯಿಗಳನ್ನೆಲ್ಲ ತೆರೆದು ಮನೆಗೆ ಬನ್ನಿ. ಆ ವಾರ ಅದಕ್ಕೆ ವಿಶ್ರಾಂತಿ ಇರಲಿ, ಮುಂದಿನ ಸಲ ಇನ್ನೊಂದು ಜಿಲ್ ಇಳಿಯಲಿ.